ಎಳ್ಳಮಾವಾಸ್ಯೆಯೊಳಗೆ ಬ್ರೇಕ್ ಕೆಲಸ

ನವೆಂಬರ್ 10, 2024, ಭಾನುವಾರ
ಬಸವಕಲ್ಯಾಣ

ನಿನ್ನೆ ಸಂಜೆ ಹುಮನಾಬಾದ್ ಬಸ್ ನಿಲ್ದಾಣದ ಎದುರು ಗಾಡಿಗಳ ಸಾಲಿನಲ್ಲಿ ಬ್ರೇಕ್ ಒತ್ತಿಕೊಂಡೇ ಕೂತಿದ್ದೆ. ಕಾಲು ಅಲ್ಲಾಡದಿದ್ದರೂ ಪೆಡಲ್ ಮೆಲ್ಲಗೆ ಕೆಳಗಿಳಿಯುತ್ತಿತ್ತು. ಬಿಟ್ಟು ಒತ್ತಿದರೆ ಮತ್ತೆ ಮೇಲೆಯೇ ಸಿಗುತ್ತದೆ, ಹಿಡಿದರೆ ಮತ್ತೆ ಇಳಿಯುತ್ತದೆ. ಬಸವಕಲ್ಯಾಣದವರೆಗೆ ನಲವತ್ತರ ಮೇಲೆ ಓಡಿಸಲಿಲ್ಲ, ಗೇರಿನಲ್ಲೇ ವೇಗ ತಗ್ಗಿಸುತ್ತ ಬಂದೆ.

ಬೆಳಿಗ್ಗೆ ಬಾನೆಟ್ ಎತ್ತಿ ನೋಡಿದರೆ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಹೆಚ್ಚುಕಡಿಮೆ ಇದ್ದಷ್ಟೇ ಇದೆ. ಪೈಪುಗಳ ಕೂಡುಗಳಲ್ಲಿ ಒದ್ದೆಯಿಲ್ಲ. ಹೊರಗೆ ಸೋರದೆ ಪೆಡಲ್ ಇಳಿಯುತ್ತಿದೆ ಎಂದರೆ ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರ್ ಕಪ್ ಸವೆದಿದೆ. ಪಿಸ್ಟನ್ ಮುಂದಕ್ಕೆ ತಳ್ಳಬೇಕಾದ ಆಯಿಲ್ ಪಕ್ಕದಿಂದ ನುಸುಳಿ ಹಿಂದಕ್ಕೆ ಬರುತ್ತಿದೆ. ಮುಚ್ಚಿದ ದ್ರವದ ಮೇಲಿನ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂದು ಪ್ರತಿವರ್ಷ ಪಿಯುಸಿ ಮಕ್ಕಳಿಗೆ ಪಾಸ್ಕಲನ ನಿಯಮ ಕಲಿಸುತ್ತೇನೆ. ಆ ನಿಯಮದ ಮೊದಲ ಷರತ್ತೇ ‘ಮುಚ್ಚಿದ’ ಎನ್ನುವುದು. ನಮ್ಮ ಗಾಡಿಯಲ್ಲಿ ಈಗ ಅದೇ ಉಳಿದಿಲ್ಲ.

ಇದು 1998ರ ಮಾರುತಿ 800, ಸ್ಟ್ಯಾಂಡರ್ಡ್ ಮಾದರಿ. ಮುಂದೆ ಡಿಸ್ಕ್, ಹಿಂದೆ ಡ್ರಮ್, ಬ್ರೇಕಿಗೆ ಬೂಸ್ಟರ್ ಇಲ್ಲ. ಅಪ್ಪ ಲಾರಿ ಓಡಿಸಿ ಕೂಡಿಟ್ಟ ದುಡ್ಡಿನಲ್ಲಿ ಕೊಂಡ ಒಂದೇ ಹೊಸ ಗಾಡಿ. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸುತ್ತ ಬಂದಿದ್ದೇವೆ. 2023ರಲ್ಲಿ ಅದಕ್ಕೆ ಶುಲ್ಕವೇ 5,000 ರೂಪಾಯಿ. 2028ರವರೆಗೆ ಕಾಗದ ಸರಿಯಿದೆ. ಕಾಗದದಷ್ಟೇ ಗಾಡಿಯೂ ಸರಿಯಿರಬೇಕು. ಎಳ್ಳಮಾವಾಸ್ಯೆಗೆ ಅಪ್ಪ ಅವ್ವ ಇಬ್ಬರನ್ನೂ ಇದರಲ್ಲೇ ಹೊಲಕ್ಕೆ ಕರೆದೊಯ್ಯಬೇಕು. ಅಷ್ಟರೊಳಗೆ ಬ್ರೇಕಿನ ಕೆಲಸ ಪೂರ್ತಿ ಮುಗಿಯಬೇಕು. ಒಂದು ಕಪ್ ಬದಲಿಸಿ ಸಾಗಹಾಕುವ ಕೆಲಸ ಇದಲ್ಲ.

ನವೆಂಬರ್ 16, ಶನಿವಾರ

ಆಟೊ ನಗರದಲ್ಲಿ ಉಸ್ತಾದರ ಗ್ಯಾರೇಜಿಗೆ ಗಾಡಿ ಬಿಟ್ಟೆ. ಅಪ್ಪನೂ ಜೊತೆಗೆ ಬಂದ. ಇಲ್ಲಿಗೆ ಬಂದರೆ ಅವನಿಗೆ ಹತ್ತು ವರ್ಷ ಕಡಿಮೆಯಾಗುತ್ತದೆ, ಹೆಜ್ಜೆಗೊಬ್ಬ ಪರಿಚಯದವ. ಹೊರಗಿನವರಿಗೆ ಈ ಊರೆಂದರೆ ಅನುಭವ ಮಂಟಪ, 108 ಅಡಿಯ ಬಸವಣ್ಣನ ಮೂರ್ತಿ. ನಮ್ಮ ಓಣಿಯ ಅರ್ಧ ಮನೆಗಳ ಅನ್ನ ಬಂದಿರುವುದು ಲಾರಿಯಿಂದ. ಸಸ್ತಾಪುರ ಬಂಗ್ಲಾದಿಂದ ಹಿಡಿದು ಹಳೆ ಲಾರಿ ಕೊಳ್ಳುವವರು, ಮಾರುವವರು, ಬಿಚ್ಚುವವರು, ಬಾಡಿ ಕಟ್ಟುವವರು, ಟೈರಿನವರು, ಲೇಥಿನವರು.

ಉಸ್ತಾದರು ನಾಲ್ಕೂ ಚಕ್ರ ಬಿಚ್ಚಿಸಿದರು. ಅವರ ಹುಡುಗ ಹಿಂದಿನ ಡ್ರಮ್ ತೆಗೆದವನೇ ಏರ್ ಪೈಪ್ ಹಿಡಿದು ಧೂಳು ಹಾರಿಸಲು ಹೊರಟ. ಬೇಡ ಎಂದು ತಡೆದು, ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿಸಿದೆ. ಹಳೆಯ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಎಳೆ ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ, ಕಾಯಿಲೆಯಾಗಿ ಕಾಣಿಸಿಕೊಳ್ಳಲು ಹಲವು ದಶಕ ಹಿಡಿಯುತ್ತದೆ. ಯಾವ ಡ್ರಮ್ಮಿನಲ್ಲಿ ಯಾವ ಕಾಲದ ಲೈನರ್ ಇದೆಯೋ ಬಿಚ್ಚುವ ಹುಡುಗನಿಗೆ ಹೇಗೆ ಗೊತ್ತಾಗಬೇಕು? ಅವನಿಗೆ ಹದಿನೆಂಟೋ ಹತ್ತೊಂಬತ್ತೋ. ದಿನಕ್ಕೆ ಎಷ್ಟು ಡ್ರಮ್ ಊದುತ್ತಾನೋ ಎಂದು ಯೋಚಿಸಿ ಸಂಕಟವಾಯಿತು. ಮುಂದಿನ ವಾರ ಸ್ಪ್ರೇ ಬಾಟಲಿ, ಒಳ್ಳೆಯ ಮಾಸ್ಕುಗಳನ್ನು ತಂದುಕೊಡಬೇಕು.

ಸಿಕ್ಕ ಸ್ಥಿತಿ ಹೀಗಿದೆ. ಮುಂದಿನ ಪ್ಯಾಡ್‌ಗಳು ತೀರ ತೆಳುವಾಗಿವೆ. ಎಡಗಡೆಯ ಒಂದು ಪ್ಯಾಡ್ ಓರೆಯಾಗಿ ಸವೆದಿದೆ, ಅಂದರೆ ಆ ಕ್ಯಾಲಿಪರ್ ತನ್ನ ಪಿನ್ನಿನ ಮೇಲೆ ಸಲೀಸಾಗಿ ಸರಿಯುತ್ತಿಲ್ಲ. ಡಿಸ್ಕಿನ ಅಂಚಿನಲ್ಲಿ ಬೆರಳಿಗೆ ಸಿಗುವಷ್ಟು ದಿಂಡು ಎದ್ದಿದೆ. ಕಾಲೇಜಿನ ಲ್ಯಾಬಿನಿಂದ ಕೇಳಿ ತಂದಿದ್ದ ಸ್ಕ್ರೂ ಗೇಜಿನಿಂದ ಅಳೆದೆ, ಕೈಪಿಡಿ ಹೇಳುವ ಕನಿಷ್ಠ ದಪ್ಪಕ್ಕಿಂತ ಕಡಿಮೆ. ಹಿಂದಿನ ಬಲ ಚಕ್ರದ ವೀಲ್ ಸಿಲಿಂಡರಿನ ಧೂಳು ಮುಚ್ಚಳ ಸರಿಸಿದರೆ ಒಳಗೆ ಜಿಡ್ಡು ಜಿಡ್ಡು. ಇನ್ನು ಮುಂದಿನ ರಬ್ಬರ್ ಹೋಸ್‌ಗಳು: ಬಗ್ಗಿಸಿದರೆ ಸಣ್ಣ ಬಿರುಕುಗಳು ಬಾಯಿ ಬಿಡುತ್ತವೆ. ಒಳಗೆ ಊದಿಕೊಂಡ ಹೋಸ್ ಒತ್ತಡವನ್ನು ಒಳಗೆ ಬಿಟ್ಟು ವಾಪಸ್ ಬಿಡದೆ ಇರಬಹುದು, ಆಗ ಕಾಲು ತೆಗೆದ ಮೇಲೂ ಚಕ್ರ ಹಿಡಿದುಕೊಂಡಿರುತ್ತದೆ.

“ಡಿಸ್ಕ್ ಟರ್ನಿಂಗ್ ಹೊಡಸೋಣೇನ್ರಿ ಉಸ್ತಾದ್?” ಅಂದ ಅಪ್ಪ. ಲೇಥ್ ಪಕ್ಕದಲ್ಲೇ ಇದೆ.

“ಟರ್ನಿಂಗ್ ಹೊಡೀಲಾಕ ದಪ್ಪ ಎಲ್ಲದ ಅಣ್ಣಾ? ಇದ್ದಷ್ಟೂ ಅಕ್ಕಾವ್ರು ಅಳದೇ ತೋರ್ಸ್ಯಾರ.”

ನವೆಂಬರ್ 24, ಭಾನುವಾರ

ವಾರವಿಡೀ ಮನೆಯಲ್ಲಿ ಇದೇ ಮಾತು. ಕಾರು ಹೇಗೂ ಬಿಚ್ಚಿದೆ, ಬೂಸ್ಟರ್ ಹಾಕಿಸಿಬಿಡೋಣ ಎಂಬುದು ನನ್ನ ಆಸೆ. ಅಪ್ಪ ಒಪ್ಪಿದ. ಆದರೆ ಗುಜರಿಗೆ ಬಂದ ಒಂದು 800ರಿಂದ ಬೂಸ್ಟರ್, ಮಾಸ್ಟರ್ ಸಿಲಿಂಡರ್, ಕ್ಯಾಲಿಪರ್ ಎಲ್ಲ ಸೇರಿಸಿ ಅಗ್ಗಕ್ಕೆ ಕೊಡುತ್ತೇನೆಂದು ಅವನ ಹಳೆಯ ಸ್ನೇಹಿತರೊಬ್ಬರು ಹೇಳಿದ್ದಾರೆ. ಅಪ್ಪನ ಇಡೀ ಬಾಳು ಹಳೆ ಸಾಮಾನಿನ ಮೇಲೆ ನಿಂತದ್ದು. ಹಳೆ ಗೇರ್‌ಬಾಕ್ಸ್, ಹಳೆ ಡಿಫರೆನ್ಷಿಯಲ್, ಹಳೆ ಕ್ಯಾಬಿನ್ ಹಾಕಿ ಲಾರಿ ಮತ್ತೆ ರಸ್ತೆಗಿಳಿಸಿ ನಮ್ಮನ್ನು ಓದಿಸಿದ. ಆ ವಿದ್ಯೆಯ ಬಗ್ಗೆ ನನಗೆ ಗೌರವವಿದೆ. ಈ ಊರಿನಷ್ಟು ಚೆನ್ನಾಗಿ ಕಬ್ಬಿಣದ ಆಯುಸ್ಸು ಬಲ್ಲವರು ಕಡಿಮೆ.

ಆದರೂ ಇದೊಂದಕ್ಕೆ ನಾನು ಒಪ್ಪಲಿಲ್ಲ. ಬೂಸ್ಟರ್ ಹೊರಗಿನಿಂದ ತಗಡಿನ ಡಬ್ಬಿ. ಕೆಲಸ ಮಾಡುವುದು ಒಳಗಿರುವ ರಬ್ಬರಿನ ಪೊರೆ. ಎಂಜಿನ್ ಗಾಳಿ ಹೀರಿಕೊಳ್ಳುವಾಗ ಮ್ಯಾನಿಫೋಲ್ಡಿನಲ್ಲಿ ಹುಟ್ಟುವ ನಿರ್ವಾತವನ್ನು ಒಂದು ಪೈಪಿನಿಂದ ಈ ಡಬ್ಬಿಗೆ ಕೊಟ್ಟಿರುತ್ತಾರೆ. ಪೆಡಲ್ ಒತ್ತಿದಾಗ ಪೊರೆಯ ಒಂದು ಬದಿಗೆ ಹೊರಗಿನ ಗಾಳಿ ನುಗ್ಗುತ್ತದೆ. ವಾತಾವರಣದ ಒತ್ತಡವೇ ನಮ್ಮ ಕಾಲಿಗೆ ಜೊತೆಗಾರನಾಗಿ ತಳ್ಳುತ್ತದೆ. ಪೊರೆ ಎಲ್ಲೋ ಒಂದು ಕಡೆ ಸೀಳಿದ್ದರೆ ಆ ಜೊತೆಗಾರ ನಡುರಸ್ತೆಯಲ್ಲಿ ಕೈಬಿಡುತ್ತಾನೆ. ಇಪ್ಪತ್ತು ವರ್ಷ ಬಿಸಿಲಲ್ಲಿ ನಿಂತ ಗಾಡಿಯ ರಬ್ಬರ್ ಒಳಗೆ ಹೇಗಿದೆ ಎಂದು ಮೇಲಿನಿಂದ ನೋಡಿ ಹೇಳುವ ಉಸ್ತಾದ್ ಎಲ್ಲೂ ಇಲ್ಲ. ಮಾಸ್ಟರ್ ಸಿಲಿಂಡರೂ ಹಾಗೆಯೇ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಆಯಿಲ್ ಹೀರಿಕೊಂಡ ನೀರು ಒಳಗೋಡೆಗೆ ತುಕ್ಕಿನ ಗುಳಿ ಕೊರೆದಿರುತ್ತದೆ. ಹೊಸ ಕಪ್ ಹಾಕಿದರೂ ಆ ಗುಳಿ ಅದನ್ನು ಕೆಲವೇ ತಿಂಗಳಲ್ಲಿ ತಿಂದುಹಾಕುತ್ತದೆ.

ಉಸ್ತಾದರನ್ನೇ ಕೇಳಿದೆವು. ಅವರು ಒಂದೇ ಮಾತಲ್ಲಿ ಮುಗಿಸಿದರು: “ಕಬ್ಬಿಣ ಹಳೇದು ತರ್ರಿ, ಹಾಕ್ತೀನಿ. ರಬ್ಬರ್ ಹಳೇದು ತರಬ್ಯಾಡ್ರಿ.”

ಅಪ್ಪ ಸುಮ್ಮನಾದ. ಸಾಮಾನು ಹೈದರಾಬಾದಿನ ರಾಣಿಗಂಜಿನಿಂದ ತರಿಸುವುದೆಂದಾಯಿತು, ಎಲ್ಲ ಹೊಸದು, ಎಲ್ಲ ಈ ಮಾದರಿಗೇ ಕಂಪನಿ ಕೊಟ್ಟದ್ದು. ಬೂಸ್ಟರ್ ಒಂದನ್ನೇ ತಂದು ಹಳೆ ಮಾಸ್ಟರ್ ಸಿಲಿಂಡರಿಗೆ ಜೋಡಿಸುವ ಹಾಗಿಲ್ಲ, ಅವು ಜೋಡಿಯಾಗಿ ಬರಬೇಕು.

ದೊಡ್ಡ ಕಾರಿನ ದೊಡ್ಡ ಡಿಸ್ಕ್, ತೂತು ಕೊರೆದ ಡಿಸ್ಕ್, ಹದಿಮೂರಿಂಚಿನ ಚಕ್ರ ಹಾಕಿಸಿ ಎಂದು ಸಲಹೆ ಕೊಟ್ಟವರೂ ಇದ್ದಾರೆ. ಬೇಡ ಎಂದೆ. ಬ್ರೇಕ್ ಹಿಡಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ. ಮುಂದಿನ ಹಿಂದಿನ ಚಕ್ರಗಳಿಗೆ ಎಷ್ಟೆಷ್ಟು ಹಿಡಿತ ಎಂಬ ಲೆಕ್ಕ ಹಾಕಿಯೇ ತಯಾರಕರು ಕೊಟ್ಟಿರುತ್ತಾರೆ. ಮುಂದೆ ಮಾತ್ರ ಹಿಡಿತ ಹೆಚ್ಚಿಸಿದರೆ ಮಳೆಯಲ್ಲಿ ಮುಂದಿನ ಚಕ್ರ ಬೇಗ ಲಾಕ್ ಆಗಿ ಸ್ಟೇರಿಂಗ್ ಕೇಳುವುದಿಲ್ಲ. ಹಿಂದೆ ಹೆಚ್ಚಾದರೆ ಗಾಡಿ ತಿರುಗಿಯೇ ಹೋಗುತ್ತದೆ. ಕಾನೂನೂ ಇದೆ: 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಮೂಲತಃ ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವ ಹಾಗೆ ವಾಹನ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಡಿಸ್ಕ್ ಬ್ರೇಕ್ ಜಗತ್ತಿಗೆ ತನ್ನ ಬೆಲೆ ತೋರಿಸಿದ್ದು 1953ರ ಲೆ ಮಾನ್ ಓಟದಲ್ಲಿ, ಜಾಗ್ವಾರ್ ಕಾರುಗಳಲ್ಲಿ. ಆ ಓಟದ ವೇಗಕ್ಕೆ ಬೇಕಾದದ್ದು ಹುಮನಾಬಾದಿಗೆ ಹೋಗಿಬರುವ 800ಕ್ಕೆ ಬೇಡ.

ನವೆಂಬರ್ 27, ಬುಧವಾರ

ರಾತ್ರಿ ಊಟವಾದ ಮೇಲೆ ಅಪ್ಪ ತಾನಾಗಿಯೇ ಬೋರ್ ಘಾಟಿನ ಮಾತು ತೆಗೆದ. ಹೈದರಾಬಾದಿನಿಂದ ಮುಂಬಯಿಗೆ ಮಾಲು ತುಂಬಿಕೊಂಡು ಹೋಗುತ್ತಿದ್ದ ದಿನಗಳು. ಖಂಡಾಲಾದಿಂದ ಖೋಪೋಲಿಗೆ ಇಳಿಯುವಾಗ ಮುಂದಿನ ಲಾರಿಯ ಲೈನರ್ ಸುಟ್ಟ ವಾಸನೆ ಮೂಗಿಗೆ ಬಡಿದರೆ ಅಂತರ ಹೆಚ್ಚಿಸಿಕೊಳ್ಳುತ್ತಿದ್ದನಂತೆ. “ಯಾವ ಗೇರಿನಾಗ ಹತ್ತತೀ ಅದೇ ಗೇರಿನಾಗ ಇಳೀಬೇಕು. ಡೀಸೆಲ್ ಉಳಸ್ಲಾಕ ನ್ಯೂಟ್ರಲ್ ಮಾಡಿ ಬಿಟ್ಟವ್ರು ಭಾಳ ಮಂದಿ ಹೋದ್ರು, ಬೇಟಾ.”

ಅವನು ಮಲಗಿದ ಮೇಲೆ ಲೆಕ್ಕ ಹಾಕಿದೆ. ಹದಿನಾರು ಟನ್ನಿನ ಲಾರಿ ಐನೂರು ಮೀಟರ್ ಇಳಿದರೆ ಬಿಟ್ಟುಕೊಡುವ ಶಕ್ತಿ ಸುಮಾರು 78 ಮೆಗಾಜೂಲ್. ಅಷ್ಟರಲ್ಲಿ ಇನ್ನೂರು ಲೀಟರಿನ ಬ್ಯಾರಲ್ ತುಂಬ ನೀರು ಕುದಿಸಿ ಮಿಗಿಸಬಹುದು. ಎಂಜಿನ್ನಿಗೆ ಸ್ವಲ್ಪವೂ ಹೊರಿಸದೆ ಇದನ್ನೆಲ್ಲ ಡ್ರಮ್ಮುಗಳೇ ನುಂಗಿದರೆ ಅವು ಕೆಂಪಗೆ ಕಾಯುತ್ತವೆ, ಲೈನರಿನ ಹಿಡಿತ ಕುಸಿಯುತ್ತದೆ. ಕಾಲು ಎಷ್ಟು ಒತ್ತಿದರೂ ಲಾರಿ ನಿಲ್ಲುವುದಿಲ್ಲ. ಅಪ್ಪ ಲೆಕ್ಕವಿಲ್ಲದೆ ಕಲಿತದ್ದು ಇದನ್ನೇ.

ಏರ್ ಬ್ರೇಕಿನ ಒಂದು ಗುಣ ಅವನಿಗೆ ಇಂದಿಗೂ ಮೆಚ್ಚು. ಗಾಳಿ ಹೋದರೆ ಚೇಂಬರಿನ ಸ್ಪ್ರಿಂಗ್ ತಾನೇ ಚಕ್ರ ಹಿಡಿದುಬಿಡುತ್ತದೆ. ದಿನಾ ಬೆಳಿಗ್ಗೆ ಗಾಳಿಯ ಟ್ಯಾಂಕಿನ ಕೆಳಗಿನ ಕಾಕ್ ತೆಗೆದು ನೀರು ಬಿಡದ ಕ್ಲೀನರನಿಗೆ ಅವನ ಲಾರಿಯಲ್ಲಿ ಜಾಗವಿರಲಿಲ್ಲ. ಕಾರಿನ ಹೈಡ್ರಾಲಿಕ್ ಬ್ರೇಕಿಗೆ ಆ ಗುಣವಿಲ್ಲ, ಆಯಿಲ್ ಹೋದರೆ ಹೋಯಿತು. ಅದಕ್ಕೆಂದೇ ಮಾಸ್ಟರ್ ಸಿಲಿಂಡರಿನಲ್ಲಿ ಎರಡು ಪ್ರತ್ಯೇಕ ಕೋಣೆ ಮಾಡಿರುತ್ತಾರೆ, ಒಂದು ಸೋರಿದರೂ ಇನ್ನೊಂದು ಅರ್ಧ ಬ್ರೇಕನ್ನಾದರೂ ಉಳಿಸಲಿ ಎಂದು.

ಡಿಸೆಂಬರ್ 1, ಭಾನುವಾರ

ಇಡೀ ದಿನ ಗ್ಯಾರೇಜಿನಲ್ಲೇ ಕಳೆಯಿತು. ಬೂಸ್ಟರ್ ಕೂತಿತು. ಮ್ಯಾನಿಫೋಲ್ಡಿನಿಂದ ಬರುವ ಪೈಪಿನಲ್ಲಿ ಒಂದೇ ದಿಕ್ಕಿಗೆ ಬಿಡುವ ವಾಲ್ವ್ ಇದೆ, ಅದರ ಮೇಲಿನ ಬಾಣದ ಗುರುತು ಎಂಜಿನ್ ಕಡೆಗಿದೆಯೇ ಎಂದು ಉಸ್ತಾದರು ಎರಡು ಸಲ ನೋಡಿದರು. ಬೂಸ್ಟರಿನ ಕಡ್ಡಿಗೂ ಪಿಸ್ಟನ್ನಿಗೂ ನಡುವೆ ಕೂದಲೆಳೆಯಷ್ಟಾದರೂ ಸಡಿಲ ಬೇಕು. ಇಲ್ಲದಿದ್ದರೆ ಪಿಸ್ಟನ್ ಪೂರ್ತಿ ಹಿಂದೆ ಬರದೆ ಆಯಿಲ್ ವಾಪಸಾಗುವ ರಂಧ್ರ ಮುಚ್ಚಿಯೇ ಇರುತ್ತದೆ, ಓಡುತ್ತ ಓಡುತ್ತ ಬ್ರೇಕ್ ತಾನೇ ಬಿಗಿಯುತ್ತದೆ. ಇದಕ್ಕೇ ಒಂದು ಗಂಟೆ ಹಿಡಿಯಿತು. ಅವರ ತಾಳ್ಮೆಗೆ ಕೈಮುಗಿಯಬೇಕು.

ಹೊಸ ಡಿಸ್ಕ್, ಪ್ಯಾಡ್, ಹಿಂದೆ ಬ್ರೇಕ್ ಶೂ, ಎರಡೂ ವೀಲ್ ಸಿಲಿಂಡರ್, ಹೋಸ್‌ಗಳು. ಒಂದೇ ಬದಿಯದ್ದು ಕೆಟ್ಟಿದ್ದರೂ ಎರಡೂ ಬದಿ ಬದಲಿಸಬೇಕು, ಇಲ್ಲದಿದ್ದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಹೊಸ ಡಿಸ್ಕಿನ ಮೇಲೆ ತುಕ್ಕು ಹಿಡಿಯದಂತೆ ಸವರಿದ್ದ ಎಣ್ಣೆಯನ್ನು ಪೂರ್ತಿ ತೊಳೆದೇ ಹಾಕಿದರು. ಕ್ಯಾಲಿಪರ್ ಪಿನ್ನುಗಳಿಗೆ ಬೇರಿಂಗಿನ ಗ್ರೀಸ್ ಅಲ್ಲ, ರಬ್ಬರಿಗೂ ಶಾಖಕ್ಕೂ ತಾಳುವ ಸಿಲಿಕೋನ್ ಗ್ರೀಸ್.

ಕೊನೆಗೆ ಗಾಳಿ ತೆಗೆಯುವ ಕೆಲಸ. ನಾನು ಸೀಟಿನಲ್ಲಿ, ಉಸ್ತಾದರು ಚಕ್ರದ ಬಳಿ. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಹಿಂದಿನ ಎಡ ಚಕ್ರದಿಂದ ಶುರು. “ಒತ್ತರಿ… ಹಿಡೀರಿ… ಬಿಡಬ್ಯಾಡ್ರಿ… ಹಾಂ, ಈಗ ಬಿಡ್ರಿ.” ನಿಪ್ಪಲ್ ಮುಚ್ಚುವ ಮೊದಲೇ ಕಾಲು ಬಿಟ್ಟರೆ ಗಾಳಿ ಮತ್ತೆ ಒಳಕ್ಕೆ. ಗಾಳಿ ಹಿಸುಕಿದರೆ ಕುಗ್ಗುತ್ತದೆ, ಆಯಿಲ್ ಕುಗ್ಗುವುದಿಲ್ಲ. ಗಾಳಿಯಿದ್ದರೆ ಕಾಲಿನ ಬಲವೆಲ್ಲ ಅದನ್ನು ಹಿಸುಕುವುದಕ್ಕೇ ಖರ್ಚಾಗಿ ಪೆಡಲ್ ಮೆತ್ತಗಾಗುತ್ತದೆ. ಪಾರದರ್ಶಕ ನಳಿಕೆಯಲ್ಲಿ ಮೊದಲು ಕಂದು ಬಣ್ಣದ ಕೊಳೆ ಬಂತು, ಆಮೇಲೆ ಗುಳ್ಳೆಗಳು, ಕೊನೆಗೆ ಹೊಸ ಆಯಿಲಿನ ತಿಳಿ ಹಳದಿ.

ಆಯಿಲ್ ಬಗ್ಗೆ ಬರೆದಿಡಬೇಕು. ಹೆಸರು ಆಯಿಲ್ ಎಂದಿದ್ದರೂ ಇದಕ್ಕೆ ಎಂಜಿನ್ ಆಯಿಲ್ ಒಂದು ಹನಿಯೂ ಸೋಕಬಾರದು, ಸೋಕಿದರೆ ರಬ್ಬರೆಲ್ಲ ಊದಿ ಕೆಡುತ್ತದೆ. ಮೋಟಾರುಗಳ ಆರಂಭದ ಕಾಲದಲ್ಲಿ ಔಡಲೆಣ್ಣೆಗೆ ಆಲ್ಕೊಹಾಲ್ ಬೆರೆಸಿ ಬ್ರೇಕಿಗೆ ಬಳಸುತ್ತಿದ್ದರು, ಈಗಿನದು ಗ್ಲೈಕಾಲ್ ಜಾತಿಯದು. ಅದು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ, ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಅದು 230 ಮತ್ತು 155. ಇಳಿಜಾರಿನಲ್ಲಿ ಕಾದ ಕ್ಯಾಲಿಪರಿನೊಳಗೆ ಆಯಿಲ್ ಕುದ್ದು ಆವಿಯಾದರೆ ಮತ್ತೆ ಅದೇ ಗಾಳಿಯ ಕಥೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಬೇಕು. ನಾವು ಹಾಕಿದ್ದು ಡಾಟ್ 4. ಎದುರಿನ ಅಂಗಡಿಯಲ್ಲಿ ಅರ್ಧ ಬಳಸಿ ಮುಚ್ಚಳ ತಿರುವಿಟ್ಟ ಬಾಟಲಿ ಅಗ್ಗಕ್ಕೆ ಸಿಗುತ್ತಿತ್ತು, ಅದು ಆಗಲೇ ತೇವ ಕುಡಿದಿರುತ್ತದೆ. ಸೀಲ್ ಒಡೆಯದ್ದನ್ನೇ ತರಿಸಿದೆ. ಬಣ್ಣದ ಮೇಲೆ ಬಿದ್ದರೆ ಬಣ್ಣವೂ ಏಳುತ್ತದೆ, ಚೆಲ್ಲಿದ ಕೂಡಲೇ ನೀರು ಹಾಕಿ ತೊಳೆಯಬೇಕು.

ಬೂಸ್ಟರ್ ಪರೀಕ್ಷೆ: ಎಂಜಿನ್ ಬಂದ್ ಮಾಡಿ ಪೆಡಲನ್ನು ಗಟ್ಟಿಯಾಗುವವರೆಗೆ ಕೆಲವು ಸಲ ಒತ್ತಿ, ಒತ್ತಿ ಹಿಡಿದೇ ಎಂಜಿನ್ ಚಾಲೂ ಮಾಡಿದೆ. ಕಾಲಿನಡಿ ಪೆಡಲ್ ತುಸು ಕೆಳಗಿಳಿದು ನಿಂತಿತು. ಹಾಗೆ ಇಳಿಯುವುದೇ ಬೂಸ್ಟರ್ ಸರಿಯಿದೆ ಎಂಬುದರ ಗುರುತು. ಅಪ್ಪನನ್ನು ಕೂರಿಸಿ ಇನ್ನೊಂದನ್ನೂ ತೋರಿಸಿದೆ. ಎಂಜಿನ್ ನಿಂತ ಮೇಲೆ ಎರಡು ಮೂರು ಸಲ ಒತ್ತುವಷ್ಟೇ ಬೂಸ್ಟರಿನ ಸಹಾಯ, ಆಮೇಲೆ ಪೆಡಲ್ ಕಲ್ಲು. ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲು ಚಾವಿ ತಿರುಗಿಸಿ ಬಿಡುವವರು ಇದನ್ನು ಒಮ್ಮೆ ಒತ್ತಿ ನೋಡಬೇಕು.

ಡಿಸೆಂಬರ್ 8, ಭಾನುವಾರ

ಬೆಳಿಗ್ಗೆ ಮುಡಬಿ ರಸ್ತೆಯಲ್ಲಿ ಗಾಡಿಗಳಿಲ್ಲದ ಹೊತ್ತು. ಹೊಸ ಪ್ಯಾಡ್ ಹೊಸ ಡಿಸ್ಕಿಗೆ ಹೊಂದಿಕೊಳ್ಳಬೇಕು: ಐವತ್ತರಿಂದ ಇಪ್ಪತ್ತಕ್ಕೆ ಹದವಾಗಿ ಇಳಿಸುವುದು, ಸ್ವಲ್ಪ ದೂರ ಓಡಿಸಿ ಆರಲು ಬಿಡುವುದು, ಮತ್ತೆ ಇಳಿಸುವುದು. ಕಾದಾಗ ಪೂರ್ತಿ ನಿಲ್ಲಿಸಿ ಒತ್ತಿ ಹಿಡಿಯಬಾರದು, ಡಿಸ್ಕಿನ ಮೇಲೆ ಪ್ಯಾಡಿನ ಕಲೆ ಕೂತು ಆಮೇಲೆ ಪೆಡಲ್ ನಡುಗುತ್ತದೆ. ಹಿಂತಿರುಗುವಾಗ ಸ್ಟೇರಿಂಗ್ ಸಡಿಲ ಹಿಡಿದು ನೋಡಿದೆ, ಯಾವ ಕಡೆಗೂ ಎಳೆಯಲಿಲ್ಲ. ಹ್ಯಾಂಡ್ ಬ್ರೇಕ್ ಕೂಡ ಈಗ ಏರಿನಲ್ಲಿ ಗಾಡಿ ಹಿಡಿಯುತ್ತದೆ.

ಟೈರು ಮಾತ್ರ ಉಳಿದಿದೆ. ಬ್ರೇಕ್ ಚಕ್ರವನ್ನು ನಿಲ್ಲಿಸುತ್ತದೆ, ಗಾಡಿಯನ್ನು ನಿಲ್ಲಿಸುವುದು ರಸ್ತೆಗೆ ತಾಗಿದ ಆ ನಾಲ್ಕು ಅಂಗೈಯಗಲದ ರಬ್ಬರ್. ಪಕ್ಕದ ಗೋಡೆಯ ನಾಲ್ಕಂಕಿ ಓದಿದೆ, ಮೊದಲೆರಡು ವಾರ, ಕೊನೆಯೆರಡು ವರ್ಷ: 2016ರವು. ಗೀರು ಇನ್ನೂ ಇದ್ದರೂ ರಬ್ಬರ್ ಗಡುಸಾಗಿದೆ. ಸಂಬಳ ಬಂದ ಕೂಡಲೇ ನಾಲ್ಕೂ ಬದಲಿಸಬೇಕು.

ಡಿಸೆಂಬರ್ 19, ಗುರುವಾರ

ಇಂದು ಹುಮನಾಬಾದಿನಿಂದ ಹೊರಡುವಷ್ಟರಲ್ಲಿ ಕತ್ತಲಾಗಿತ್ತು. ಕಬ್ಬಿನ ಕಾಲ. ರಾಜೇಶ್ವರ ದಾಟುವ ಮೊದಲು, ಎದುರಿನ ಲಾರಿಯ ಬೆಳಕು ಕಣ್ಣಿಗೆ ಹೊಡೆಯುತ್ತಿದ್ದಾಗಲೇ, ಅದರ ಹಿಂದಿನ ಕತ್ತಲಲ್ಲಿ ಕಬ್ಬಿನ ಗೋಡೆಯೊಂದು ಕಂಡಿತು. ಒಂದು ಟ್ರ್ಯಾಕ್ಟರ್, ಎರಡು ಟ್ರಾಲಿ, ಹಿಂದೆ ದೀಪವಿಲ್ಲ, ರಿಫ್ಲೆಕ್ಟರ್ ಕಬ್ಬಿನ ಸೋಗೆಯಲ್ಲಿ ಮುಚ್ಚಿಹೋಗಿದೆ. ಅರವತ್ತರಲ್ಲಿದ್ದೆ. ಈ ಕಾರಿನಲ್ಲಿ ಎಬಿಎಸ್ ಇಲ್ಲ, ಹೊಸ ಕಾರುಗಳಿಗೆಲ್ಲ ಅದು ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಚಕ್ರ ಲಾಕ್ ಆಗದಷ್ಟು ಬಲವಾಗಿ ಒತ್ತಿದೆ. ಗಾಡಿ ನೆಟ್ಟಗೆ ನಿಂತಿತು, ಮುಂದೆ ಇನ್ನೂ ಜಾಗ ಉಳಿದಿತ್ತು.

ಅರವತ್ತರಲ್ಲಿ ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತೇವೆ, ಎಂಬತ್ತರಲ್ಲಿ 22. ಕಾಲು ಪೆಡಲಿಗೆ ಬರುವ ಹೊತ್ತಿಗೇ ಅಷ್ಟು ದೂರ ಮುಗಿದಿರುತ್ತದೆ. ಆಮೇಲಿನ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ, ಅರವತ್ತರಲ್ಲಿ 9 ಪಾಲಾದರೆ ಎಂಬತ್ತರಲ್ಲಿ 16 ಪಾಲು. ಎಂಬತ್ತರಲ್ಲಿದ್ದಿದ್ದರೆ ಈ ಪುಟ ಬರೆಯುತ್ತಿರಲಿಲ್ಲವೇನೋ.

ಟ್ರ್ಯಾಕ್ಟರಿನ ಹುಡುಗನ ಮೇಲೆ ಸಿಟ್ಟು ಬರಲಿಲ್ಲ. ಅವನ ಟ್ರಾಲಿಗಳಿಗೆ ಬ್ರೇಕೇ ಇರುವುದಿಲ್ಲ. ಅಷ್ಟು ಟನ್ ಕಬ್ಬನ್ನು ಎಂಜಿನ್ನಿನ ಎರಡು ಚಕ್ರಗಳ ಬ್ರೇಕಿನಿಂದಲೇ ಹಿಡಿಯಬೇಕು. ಇಳಿಜಾರಿನಲ್ಲಿ ಟ್ರಾಲಿಯೇ ಎಂಜಿನ್ನನ್ನು ಮುಂದಕ್ಕೆ ದಬ್ಬುತ್ತದೆ, ಅಡ್ಡಡ್ಡ ತಿರುಗಿಸಿ ಕೆಡವುತ್ತದೆ. ಪ್ರತಿ ಹಂಗಾಮಿನಲ್ಲೂ ನೋಡುತ್ತೇವೆ. ಕಾರ್ಖಾನೆಯ ಅಂಗಳದಲ್ಲಿ ತೂಕದ ಚೀಟಿ ಕೊಡುವಾಗಲೇ ಹಿಂದೆ ಕೆಂಪು ದೀಪ ಇದೆಯೇ ಎಂದು ನೋಡಿ ಬಿಡುವ ಪದ್ಧತಿ ಬಂದರೆ ಎಷ್ಟೋ ಜೀವ ಉಳಿಯುತ್ತವೆ. ರಿಫ್ಲೆಕ್ಟರ್ ಟೇಪಿನ ಒಂದು ಸುರುಳಿಗೆ ಎಷ್ಟು ಮಹಾ ಬೆಲೆ? ಎನ್‌ಎಸ್‌ಎಸ್ ಮಕ್ಕಳನ್ನು ಕರೆದುಕೊಂಡು ಹೋಗಿ ಅಂಟಿಸಬಹುದು. ಪ್ರಾಂಶುಪಾಲರನ್ನು ನಾಳೆಯೇ ಕೇಳುತ್ತೇನೆ.

ಡಿಸೆಂಬರ್ 30, ಸೋಮವಾರ
ಎಳ್ಳಮಾವಾಸ್ಯೆ

ಊರೆಲ್ಲ ಹೊಲದಲ್ಲಿ. ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿಯ ಗಡಿಗೆ ಹಿಂದಿನ ಸೀಟಿನಲ್ಲಿ ಅವ್ವನ ಕಾಲ ಬಳಿ. ಅಪ್ಪ ಬೆಳಿಗ್ಗೆಯೇ ಚಕ್ರದಡಿ ನಿಂಬೆಹಣ್ಣಿಟ್ಟು, ಚಾವಿಗೆ ಕೈ ಚಾಚಿದ. ಕೊಟ್ಟೆ.

ಹೊಲದ ದಾರಿಯಲ್ಲಿ ಚಕ್ಕಡಿ, ಟಂಟಂ, ಬೈಕು, ಹೊಸ ಬಟ್ಟೆಯ ಮಕ್ಕಳು. ಮೊದಲ ಸಲ ಒತ್ತಿದಾಗ ಹಳೆಯ ಅಭ್ಯಾಸದ ಬಲಕ್ಕೆ ಗಾಡಿ ಗಕ್ಕನೆ ನಿಂತು ಅಂಬಲಿ ತುಳುಕಿತು, ಅವ್ವ ಬೈದಳು. ಒಂದೆರಡು ಫರ್ಲಾಂಗಿನಲ್ಲಿ ಅಪ್ಪನ ಕಾಲು ಹೊಸ ಬ್ರೇಕಿನ ಹದ ಹಿಡಿಯಿತು. ಮುಂದೆ ಮಗುವೊಂದು ಚೆಂಡಿನ ಹಿಂದೆ ಓಡಿಬಂದಾಗ ನಾನು ಉಸಿರು ಹಿಡಿಯುವ ಮೊದಲೇ ನಿಲ್ಲಿಸಿದ್ದ. ಏನೂ ಹೇಳಲಿಲ್ಲ, ಮತ್ತೆ ಮೊದಲ ಗೇರಿಗೆ ಹಾಕಿದ.

ಚರಗ ಚೆಲ್ಲಿ ಊಟಕ್ಕೆ ಕೂತಾಗ ಪಕ್ಕದ ಹೊಲದ ಮಾಮಾ ಬಂದರು, ಅವರದು ಬಾಡಿಗೆಗೆ ಓಡುವ ಕ್ರೂಸರ್. ಅಪ್ಪ ರೊಟ್ಟಿ ಮುರಿಯುತ್ತಲೇ ಕೇಳಿದ: “ನಿನ್ನ ಗಾಡೀದು ಬ್ರೇಕ್ ಆಯಿಲ್ ಯಾವಾಗ ಬದಲ್ ಮಾಡಿದ್ಯೋ? ಹೋಸ್ ಬಗ್ಗಿಸಿ ನೋಡೀಯೇನು?” ಮಾಮಾ ನಕ್ಕು, ಒತ್ತಿದರೆ ನಿಲ್ಲುತ್ತದಲ್ಲ ಎಂದರು. ಅಪ್ಪ ಬಿಡಲಿಲ್ಲ. ಹನ್ನೆರಡು ಮಂದಿ ಕೂರ್ತಾರ ನಿನ್ನ ಗಾಡ್ಯಾಗ ಎಂದು, ಊಟ ಮುಗಿದ ಮೇಲೆ ಅವರನ್ನು ಎಬ್ಬಿಸಿಕೊಂಡು ಕ್ರೂಸರಿನ ಮುಂದಿನ ಚಕ್ರದ ಬಳಿ ಕೂತೇಬಿಟ್ಟ.

ಜನವರಿ 5, 2025, ಭಾನುವಾರ

ಮಾಮಾರ ಕ್ರೂಸರ್ ಉಸ್ತಾದರ ಬಳಿ ಇದೆ. ಎರಡೂ ಹೋಸ್ ಹೋಗಿದ್ದವು. ಹುಡುಗನಿಗೆ ಕೊಟ್ಟ ಸ್ಪ್ರೇ ಬಾಟಲಿ ಮೊಳೆಗೆ ನೇತುಹಾಕಿದ್ದಾರೆ, ಅರ್ಧ ಖಾಲಿಯಾಗಿತ್ತು. ಮಾಸ್ಕ್ ಮಾತ್ರ ಅವನ ಗಲ್ಲದ ಮೇಲಿತ್ತು, ಹೇಳಿ ಮೇಲೆ ಏರಿಸಿಬಂದೆ. ಈ ತಿಂಗಳ ಕೊನೆಗೆ ಹುಮನಾಬಾದಿನಲ್ಲಿ ವೀರಭದ್ರೇಶ್ವರ ಜಾತ್ರೆ, ಅದಕ್ಕೆ ಮೊದಲೇ ರಿಫ್ಲೆಕ್ಟರ್ ಟೇಪಿನ ಕೆಲಸ ಮುಗಿಸಲು ಪ್ರಾಂಶುಪಾಲರು ಒಪ್ಪಿದ್ದಾರೆ.

ನಮ್ಮ ಗಾಡಿಗೆ: ಡಬ್ಬಿಯ ಮಟ್ಟ ವಾರಕ್ಕೊಮ್ಮೆ ನೋಡುವುದು. ಹಿಂದಿನ ಡ್ರಮ್ ಏಪ್ರಿಲ್‌ನಲ್ಲಿ ಬಿಚ್ಚಿ ಶೂ ಹೊಂದಿಸುವುದು. ಮಳೆ ಹಿಡಿಯುವ ಮೊದಲು ಕ್ಯಾಲಿಪರ್ ಪಿನ್ ತೆಗೆದು ಗ್ರೀಸ್. ಆಯಿಲ್ ಬದಲು 2026ರ ಡಿಸೆಂಬರ್.